ತೊಂಡು ಹಸುವಿನ ಕೊರಡು

ಬೇಲಿ ಹಾರಿ ರಾಗಿ ಹೊಲಕ್ಕೆ ನುಗ್ಗುವ ಹಸುವಿನ ಕೊರಳಿಗೆ ಪುಟ್ಟತಾಯಮ್ಮ ಒಂದು ಕೊರಡು ಕಟ್ಟಿದ್ದಳು. ಹೆಜ್ಜೆ ಹೆಜ್ಜೆಗೂ ಅದು ಹಸುವಿನ ಮೊಣಕಾಲಿಗೆ ಬಡಿಯುತ್ತಿತ್ತು.

“ಕುರುಡು ಎಮ್ಮೆಯೂ ಅದೇ ರಾಗಿ ಹೊಲಕ್ಕೆ ನುಗ್ಗಿತ್ತು. ಅದಕ್ಕೇಕೆ ನನ್ನನ್ನು ಕಟ್ಟಲಿಲ್ಲ?” ಎಂದು ಕೊರಡು ಕೇಳಿತು.

“ಅದಕ್ಕೆ ಬೇಲಿ ಕಾಣಲಿಲ್ಲ. ನಾನು ಕಂಡೇ ಹಾರಿದೆ” ಎಂದಿತು ಹಸು.

“ಬಡಿದು ಬಡಿದು ನನಗೂ ಸಾಕಾಗಿದೆ. ಇನ್ನಾದರೂ ಸುಮ್ಮನಿರು ಮಾರಾಯ್ತಿ.”

ರಾಗಿ ಕೊಯ್ದು ಹೊಲ ಉತ್ತ ಮೇಲೆ ಪುಟ್ಟತಾಯಮ್ಮ ಕನಿಕರಪಟ್ಟು ಕೊರಡನ್ನು ಬಿಚ್ಚಿದಳು. “ಎಲ್ಲಾದರೂ ಮೇಯಿ, ಆ ಹೊಲಕ್ಕೆ ಮಾತ್ರ ಹೋಗಬೇಡ” ಎಂದಳು.

ಅವಳು ಬೆನ್ನು ತಿರುಗಿಸಿದ್ದೇ ತಡ, ಹಸು ಬೇಲಿ ಹಾರಿತು.

“ಅಲ್ಲಿ ಒಂದು ಗರಿಕೆಯೂ ಇಲ್ಲವಲ್ಲೇ!” ಎಂದು ಕೊರಡು ಕೂಗಿತು.

“ಗೊತ್ತು” ಎಂದಿತು ಹಸು. ಬರಿಯ ಮಣ್ಣು ಮೂಸಿ, ಮತ್ತೆ ಬೇಲಿ ಹಾರಿ ಬಂದು, ಕೊರಡಿನ ಮುಂದೆ ತಾನೇ ಕೊರಳು ಬಗ್ಗಿಸಿ ನಿಂತಿತು.