ವೈರ್‌ಲೆಸ್ ಮನೆಯ ಜರಡಿ

"ಬುದ್ಧಿ, ನೆಟ್ಟಗೆ ಮಾತನಾಡಲು ಬಾರದವರನ್ನು ಬಾಗಿಲಲ್ಲಿಯೇ ತಡೆದರೆ ತಪ್ಪೇನು?"

ಕೇಳಿದವನು ಶಿಷ್ಯ ಮರುಳಸಿದ್ಧ. ಮಠದ ಹೆಬ್ಬಾಗಿಲನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ದರ್ಶನಕ್ಕೆ ಬಂದವರು ತಮ್ಮ ಅಳಲನ್ನು ಒಂದೇ ಮಾತಿನಲ್ಲಿ ಹೇಳಬೇಕು, ಹೇಳಲಾರದವರು ಹಿಂದಿರುಗಬೇಕು ಎಂದು ಅವನು ಕಟ್ಟಳೆ ಮಾಡಿದ್ದನು. ಅಂದು ಬೆಳಿಗ್ಗೆ ಒಬ್ಬ ಹೆಂಗಸು ಬಂದು ಬಾವಿ ಎಂದಳು, ಮೈದುನ ಎಂದಳು, ಮತ್ತೆ ಬಾವಿ ಎಂದಳು. ತಲೆಬುಡ ತಿಳಿಯದೆ ಅವನು ಅವಳನ್ನು ಕಳುಹಿಸಿಬಿಟ್ಟಿದ್ದನು. ಅದನ್ನೂ ಮುಚ್ಚಿಡದೆ ಹೇಳಿ, "ತಮ್ಮ ಸನ್ನಿಧಿಗೆ ಗದ್ದಲ ಮುಟ್ಟಬಾರದಲ್ಲವೇ?" ಎಂದನು.

"ಗದ್ದಲ ಯಾರಿಗೆ ಬೇಕು? ಕುಳಿತುಕೋ" ಎಂದು ಗುರುಗಳು ಹೇಳತೊಡಗಿದರು.

ಒಂದು ಬಂದರಿನಲ್ಲಿ ಒಬ್ಬ ವೈರ್‌ಲೆಸ್ಸಿನವನಿದ್ದನು. ಕಡಲಿಗೆ ಹೋದ ದೋಣಿಗಳವರು ಯಂತ್ರದ ಮೂಲಕ ಆಡುವ ಮಾತನ್ನು ಕೇಳಿ ಉತ್ತರ ಕೊಡುವುದು ಅವನ ಕೆಲಸ. ಕೇಳುವುದು ಸುಲಭವಿರಲಿಲ್ಲ. ಒಂದು ದೋಣಿಯ ಮಾತಿನ ಮೇಲೆ ಇನ್ನೊಂದು ದೋಣಿಯ ಮಾತು ಹತ್ತಿ ಕೂರುತ್ತಿತ್ತು. ಪಕ್ಕದ ಐಸ್ ಕಾರ್ಖಾನೆಯ ಮೋಟಾರು ತಿರುಗಿದಾಗಲೆಲ್ಲ ಕಿವಿಯಲ್ಲಿ ಕಡಲೆ ಹುರಿದಂತಾಗುತ್ತಿತ್ತು. ಅವನು ಮೇಲಿನವರನ್ನು ಕಾಡಿ ಬೇಡಿ ಕೊನೆಗೊಂದು ಜರಡಿಯನ್ನು ತರಿಸಿಕೊಂಡನು. ಅದು ಧಾನ್ಯದ ಜರಡಿಯಲ್ಲ, ದನಿಯ ಜರಡಿ. ಬಲ್ಲವರು ಅದನ್ನು ಫಿಲ್ಟರ್ ಎನ್ನುತ್ತಾರೆ.

ಅಂಗೈಯಗಲದ ಆ ಪೆಟ್ಟಿಗೆಯಲ್ಲಿ ಲೋಹದ ಬಿಲ್ಲೆಗಳನ್ನು ಸಾಲಾಗಿ ನಿಲ್ಲಿಸಿ ಸಣ್ಣ ತಂತಿಗಳಿಂದ ಬೆಸೆದಿದ್ದರು. ಗಾಳಿಯಲ್ಲಿ ಬಂದ ಸಂಕೇತವು ಅಲ್ಲಿ ನಡುಕವಾಗಿ ಬಿಲ್ಲೆಯಿಂದ ಬಿಲ್ಲೆಗೆ ದಾಟಬೇಕು. ಬಿಲ್ಲೆಗಳಿಗೆ ಒಪ್ಪಿದ ಕಂಪನ ಮಾತ್ರ ಆಚೆ ಸೇರಿ ಮತ್ತೆ ಸಂಕೇತವಾಗುತ್ತದೆ; ಅದಕ್ಕಿಂತ ತುಸು ಮೇಲಿನದು, ತುಸು ಕೆಳಗಿನದು ಅಲ್ಲಿಯೇ ಅಡಗಿಹೋಗುತ್ತದೆ. ಅವನು ತರಿಸಿದ್ದು ಇದ್ದುದರಲ್ಲೆಲ್ಲ ಕಿರಿದಾದ ಕಣ್ಣಿನದು.

ಅಂದಿನಿಂದ ಅವನು ದೋಣಿಗಳವರಿಗೆ ಒಂದು ನಿಯಮ ಹಾಕಿದನು. ಬಂದರು ಬಿಡುವ ಮುನ್ನ ಪ್ರತಿಯೊಬ್ಬನೂ ತನ್ನ ಯಂತ್ರದಲ್ಲಿ ಒಮ್ಮೆ ಸಿಳ್ಳೆ ಹಾಕಬೇಕು. ಸಿಳ್ಳೆ ಜರಡಿಯನ್ನು ದಾಟಿ ಬಂದರಿನ ಯಂತ್ರದಲ್ಲಿ ಕೇಳಿಸುವವರೆಗೂ ತನ್ನ ಯಂತ್ರದ ಮುಳ್ಳನ್ನು ಜರಡಿಗೆ ಒಪ್ಪುವ ಗೆರೆಗೆ ಸರಿಸುತ್ತಿರಬೇಕು.

"ಮಾಸ್ತ್ರೇ, ನಿಮ್ಮೊಡನೆ ಮಾತನಾಡುವುದಕ್ಕಿಂತ ನನ್ನ ಅತ್ತೆಯೊಡನೆ ಮಾತನಾಡುವುದು ಸುಲಭ" ಎಂದು ಒಬ್ಬ ತಾಂಡೇಲ, ಎಂದರೆ ದೋಣಿ ನಡೆಸುವವನು, ಹಾಸ್ಯ ಮಾಡಿದನು.

"ನಿಮ್ಮ ಅತ್ತೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಅದಕ್ಕೇ ಆ ಮನೆಯಲ್ಲಿ ನೆಮ್ಮದಿಯಿಲ್ಲ" ಎಂದನು ವೈರ್‌ಲೆಸ್ಸಿನವನು.

ಅವನ ಮನೆಯಲ್ಲಂತೂ ನೆಮ್ಮದಿ ನೆಲೆಸಿತು. ಬಂದ ಮಾತು ಗಂಟೆಯಂತೆ ಕೇಳುತ್ತಿತ್ತು. ಮಾತಿಲ್ಲದಾಗ ಯಂತ್ರದಲ್ಲಿ ಸದ್ದೇ ಇರುತ್ತಿರಲಿಲ್ಲ. ಬರಬರುತ್ತ, ತನ್ನ ಕಿವಿ ಶಾಂತವಾಗಿದ್ದರೆ ಕಡಲೂ ಶಾಂತವಾಗಿದೆ ಎಂದೇ ಅವನು ತಿಳಿದನು.

ಒಂದು ದಿನ ಹಠಾತ್ತನೆ ಗಾಳಿಯೆದ್ದಿತು. ದೋಣಿಗಳೆಲ್ಲ ಹಿಂದಿರುಗಿದವು, ಆ ತಾಂಡೇಲನ ದೋಣಿಯೊಂದನ್ನು ಬಿಟ್ಟು. ಅವನ ಹೆಂಡತಿ ಮೀನಿನ ಬುಟ್ಟಿಯನ್ನು ಸೊಂಟದಲ್ಲಿಟ್ಟುಕೊಂಡೇ ಬಂದು ಹೊಸ್ತಿಲಲ್ಲಿ ನಿಂತಳು.

"ನಮ್ಮವರು ಕೂಗಿದರೇ?"

"ಇಲ್ಲ ಅಕ್ಕಾ. ಯಂತ್ರ ಇಂದು ಕನ್ನಡಿಯಂತಿದೆ. ಕೂಗಿದ್ದರೆ ಕೇಳದಿರುತ್ತಿರಲಿಲ್ಲ. ಕೂಗಿಲ್ಲವೆಂದರೆ ಕ್ಷೇಮವೆಂದೇ ಅರ್ಥ."

"ಕ್ಷೇಮವಾಗಿದ್ದಾಗಲೂ ಕೂಗುವ ಜಾಯಮಾನ ಅವರದು, ಮಾಸ್ತ್ರೇ. ಸುಮ್ಮನಿದ್ದಾರೆ ಎಂದರೆ ನಾನು ನಂಬುವುದಿಲ್ಲ."

ಅವಳು ಕದಲಲಿಲ್ಲ. ಅವನಿಗೆ ರೇಗಿತು. "ಹಾಗಾದರೆ ಈ ಸಂತೆಯಲ್ಲಿ ನಿಮ್ಮವರನ್ನು ನೀವೇ ಹುಡುಕಿಕೊಳ್ಳಿ" ಎಂದು ಜರಡಿಯನ್ನು ದನಿಯ ದಾರಿಯಿಂದ ತೆಗೆದುಬಿಟ್ಟನು. ಮರೆತಿದ್ದ ಗದ್ದಲವೆಲ್ಲ ಕೋಣೆಗೆ ನುಗ್ಗಿತು. ಅವಳು ಬುಟ್ಟಿಯನ್ನಿಳಿಸಿ ಯಂತ್ರಕ್ಕೆ ಕಿವಿಗೊಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಬೆರಳೆತ್ತಿ, "ಇದು" ಎಂದಳು.

ಅವನಿಗೆ ಕೇಳಿಸಿದ್ದು ಸೊಳ್ಳೆಯ ದನಿಯಂಥದೊಂದು ಎಳೆ ಮಾತ್ರ. ಅದು ಅವನ ಗೆರೆಯ ಮೇಲಿರಲಿಲ್ಲ. ಪಕ್ಕದಲ್ಲಿತ್ತು, ಇನ್ನೂ ಪಕ್ಕಕ್ಕೆ ಜಾರುತ್ತಿತ್ತು. ಅವನು ಮುಳ್ಳನ್ನು ಮೆಲ್ಲಗೆ ಅದರ ಹಿಂದೆಯೇ ತಿರುಗಿಸಿ, ಜರಡಿಯನ್ನು ಮತ್ತೆ ಹಾಕಿದನು. ಗದ್ದಲ ಅಡಗಿ ಒಂದು ದನಿ ಉಳಿಯಿತು: "ದೋಣಿಗೆ ನೀರು ತುಂಬುತ್ತಿದೆ, ಯಾರಾದರೂ ಇದ್ದೀರಾ?"

"ಎಲ್ಲಿದ್ದೀರಿ?" ಎಂದು ಅವನು ಕೇಳಿದನು. ಜೋಡುಬಂಡೆಯ ದಕ್ಷಿಣಕ್ಕೆ ಎಂದು ಉತ್ತರ ಬಂದಿತು.

ದಡದವರು ದೋಣಿ ತೆಗೆದುಕೊಂಡು ಹೋದರು. ತಾಂಡೇಲ ಬದುಕಿದನು, ಜೊತೆಯವರೂ ಬದುಕಿದರು. ನೀರು ಮೊಗೆಯುತ್ತಿದ್ದ ಅವನ ಅಕ್ಕನ ಮಗ ಮಾತ್ರ, ಇವರು ಹೋಗಿ ತಲುಪುವುದಕ್ಕೆ ಸ್ವಲ್ಪ ಮೊದಲು ಅಲೆಗೆ ಸಿಕ್ಕಿಹೋಗಿದ್ದನು.

ಸೂತಕ ಕಳೆದ ಮೇಲೆ ವೈರ್‌ಲೆಸ್ಸಿನವನು ತಾಂಡೇಲನ ಮನೆಗೆ ಹೋದನು. "ಗೆರೆಗೆ ಬಂದು ಕೂಗಬಾರದಿತ್ತೇ?" ಎಂದನು.

"ಸೊಂಟದ ತನಕ ನೀರಿತ್ತು, ಮಾಸ್ತ್ರೇ. ಬ್ಯಾಟರಿಗೂ ಅದೇ ನೀರು ಹೊಕ್ಕು ಯಂತ್ರ ತಾನಾಗಿಯೇ ಗೆರೆ ಬಿಟ್ಟು ಜಾರುತ್ತಿತ್ತು. ಗೆರೆಯೆಲ್ಲಿ, ಮುಳ್ಳೆಲ್ಲಿ ಎಂದು ಯಾರು ನೋಡುತ್ತಾರೆ? ನೀವು ಕೇಳುತ್ತಿದ್ದೀರಿ ಎಂದುಕೊಂಡು ಮಧ್ಯಾಹ್ನದಿಂದ ಕೂಗುತ್ತಲೇ ಇದ್ದೆವು."

ವೈರ್‌ಲೆಸ್ಸಿನವನು ಸಿಳ್ಳೆಯ ನಿಯಮವನ್ನು ಬಿಡಿಸಲಿಲ್ಲ. ಆದರೆ ಗಾಳಿಯೆದ್ದಾಗಲೆಲ್ಲ ಜರಡಿಯನ್ನು ತೆಗೆದಿಟ್ಟು ಗದ್ದಲದೊಳಗೆ ಕಿವಿಯಿಟ್ಟು ಕುಳಿತಿರುತ್ತಿದ್ದನು. ಕೂಗು ಯಾರದೆಂದು ತಿಳಿದ ಮೇಲೆಯೇ ಜರಡಿಯನ್ನು ಹಾಕುತ್ತಿದ್ದನು.

ಗುರುಗಳು ಕತೆಯನ್ನು ನಿಲ್ಲಿಸಿದರು. ಮರುಳಸಿದ್ಧನು ಯೋಚಿಸಿ, "ಹಾಗಾದರೆ ಜರಡಿಯದು ತಪ್ಪಲ್ಲ, ಬುದ್ಧಿ" ಎಂದನು.

"ಅಲ್ಲ. ಅದಿಲ್ಲದಿದ್ದರೆ ಜೋಡುಬಂಡೆಯೆಂಬ ಮಾತು ಗದ್ದಲದಲ್ಲಿ ಕಳೆದುಹೋಗುತ್ತಿತ್ತು."

ಶಿಷ್ಯನ ಎದೆ ಹಗುರವಾಯಿತು. "ಅಂದ ಮೇಲೆ ನನ್ನ ಕಟ್ಟಳೆಯನ್ನೂ..." ಎಂದು ತೊಡಗಿದನು.

ಗುರುಗಳು ಹೆಬ್ಬಾಗಿಲಿನ ಕಡೆಗೆ ನೋಡಿದರು.

"ಬಾವಿ ಎಂದಳಲ್ಲ ಆ ತಾಯಿ, ಅವಳ ಊರು ಯಾವುದೆಂದು ಕೇಳಿಕೊಂಡೆಯಾ, ತಮ್ಮಾ?"