ರಾಣಿಯ ಹಿಂದಿದ್ದವರು

ಬಂದರುಪೇಟೆಯ ಕ್ಲಬ್ಬಿನವರು ಕಾರ್ನಿವಲ್ ಮೆರವಣಿಗೆಯಲ್ಲಿ ಲಾರಿಯ ಮುಂದುಗಡೆ ಎತ್ತರದಲ್ಲಿ ಕಟ್ಟುವ ಟ್ಯಾಬ್ಲೋಗೆ ಪ್ರತಿ ವರ್ಷ ಹೊಸ ಮುಖ ಮಾಡುತ್ತಿದ್ದರು. ಹಳೆಯದನ್ನು ಮಾತ್ರ ಕೀಳುತ್ತಿರಲಿಲ್ಲ. ಅದೇ ಬಿದಿರಿನ ತಲೆಗೆ, ಹೋದ ವರ್ಷದ ಮುಖದ ಮೇಲೆಯೇ ಹೊಸ ಕಾಗದ ಅಂಟಿಸುತ್ತಿದ್ದರು. ಈ ವರ್ಷ ಅಂಟಿಸಿದ್ದು ರಾಣಿಯ ಮುಖ. ಲಾರಿ ಹೊರಟ ಮೇಲೆ ಅವಳ ಹಿಂದೆ ಯಾರೋ ಉಸಿರಾಡಿದರು.

“ಯಾರದು?” ಎಂದಳು ರಾಣಿ.

“ಹೋದ ವರ್ಷದ ಹುಲಿ. ನನ್ನ ಹಿಂದೆ ಮಾಂತ್ರಿಕನಿದ್ದಾನೆ. ಅವನ ಹಿಂದಿನವರಿಗೆ ತಾವು ಯಾರೆಂಬುದೇ ಮರೆತುಹೋಗಿದೆ. ಗಾಬರಿಯಾಗಬೇಡಿ ಮಹಾರಾಣಿ, ನಾವೆಲ್ಲ ನಿಮ್ಮ ಕಣ್ಣಿನ ತೂತಿನಲ್ಲೇ ನೋಡುತ್ತೇವೆ.”

“ಜನ ಬಂದಿರುವುದು ನನ್ನೊಬ್ಬಳನ್ನು ನೋಡಲು. ಹಳಸಿದ ಮುಖಗಳನ್ನು ತಾಗಿಕೊಂಡು ನಾನಿರಲಾರೆ. ದೂರ ಸರಿಯಿರಿ.”

“ನಮಗೆ ಸರಿಯಲು ಜಾಗವಿಲ್ಲ. ನೀವೂ ಸರಿಯಬೇಡಿ, ಮೈದಾ ಗೋಂದು ಇನ್ನೂ ಹಸಿಯಾಗಿದೆ.”

ರಾಣಿ ಕೇಳಲಿಲ್ಲ. ತೀರ್ಪುಗಾರರ ವೇದಿಕೆ ಕಂಡದ್ದೇ, ಹುಲಿಯಿಂದ ಬಿಡಿಸಿಕೊಳ್ಳಲು ತನ್ನನ್ನು ಮುಂದಕ್ಕೆಳೆದುಕೊಂಡಳು. ಹಣೆ ಬಿಟ್ಟಿತು, ಕೆನ್ನೆ ಬಿಟ್ಟಿತು. ಅವಳು ಲಾರಿಯ ಮುಂದೆ ಡಾಂಬರಿನ ಮೇಲೆ ಅಂಗಾತ ಬಿದ್ದಳು.

“ಲಾರಿ ನಿಲ್ಲಿಸ್ಲಾ ಬಾಯಮ್ಮ?” ಎಂದ ಡ್ರೈವರ್ ಸಾಲ್ವದೋರ್.

ಲಾರಿಯ ಪಕ್ಕ ನಡೆಯುತ್ತಿದ್ದ ಕ್ಲಬ್ಬಿನ ಕಾರ್ಯದರ್ಶಿ ಹಿಲ್ಡಾ ತಲೆಯೆತ್ತಿ ನೋಡಿದಳು. ಹುಲಿಯ ಬಣ್ಣ ಒಂಚೂರೂ ಮಾಸಿರಲಿಲ್ಲ.

“ಎಂಥಕ್ಕೆ ಮಾರಾಯ? ಮುಖ ಉಂಟಲ್ಲ, ಹೋಗು.”

ಜನ ಚಪ್ಪಾಳೆ ತಟ್ಟಿದರು. ಚಕ್ರ ಮೇಲೆ ಹಾಯುವಾಗಲೂ ರಾಣಿ ನಗುತ್ತಲೇ ಇದ್ದಳು. ಯಾರೂ ಅವಳಿಗೆ ಬೇರೆ ಬಾಯಿ ಬರೆದಿರಲಿಲ್ಲ.