ಹಳೇಕುದುರೆಯ ಸರದಿ

ಹೊಳೆದಂಡೆಯ ಆ ಆಶ್ರಮದಲ್ಲಿ ಜಪಮಣಿಗಿಂತ ಚದುರಂಗದ ಕಾಯಿಗಳೇ ಹೆಚ್ಚು ಸವೆದಿದ್ದವು ಅನ್ನಿ. ನಂಜಯ್ಯ ಗುರುಗಳು ಕಲಿಸುತ್ತಿದ್ದದ್ದೇ ಅದನ್ನು. ಒಂದು ನಡೆಗೆ ಇಷ್ಟೇ ಹೊತ್ತು ಅಂತ ಹಲಗೆಯ ಪಕ್ಕ ಗಡಿಯಾರ ಇಡುತ್ತಿರಲಿಲ್ಲ. ಇದ್ದದ್ದು ಒಂದೇ ಕಟ್ಟಳೆ. ಸೋತವರು ಎದ್ದು ಎದುರಿನ ಚಾಪೆಯ ಮೇಲೆ ಕೂತು, ಗೆದ್ದವರ ನಡೆಗಳನ್ನೆಲ್ಲ ತಮ್ಮ ಕೈಯಾರೆ ಮತ್ತೊಮ್ಮೆ ಆಡಿ ನೋಡಬೇಕು.

ಶಿಷ್ಯೆ ವಸುಮತಿ ಮೊಬೈಲಿನಲ್ಲೂ ಆಡುತ್ತಿದ್ದಳು. ಆನ್‌ಲೈನ್ ಚದುರಂಗದ ಒಂದು ಬಳಗ, ನಾನೂರು ಜನ. ಅಲ್ಲಿ ಅವಳ ಮಾತೆಂದರೆ ಮಾತು. ಗುರುಗಳೇನೂ ಬೇಡ ಅಂದವರಲ್ಲ.

ಒಂದು ಬೆಳಿಗ್ಗೆ ಮುಖ ಸಣ್ಣದು ಮಾಡಿಕೊಂಡು ಬಂದಳು.

"ಏನಮ್ಮಾ, ಸೋತೆಯಾ?"

"ಸೋತದ್ದು ಮೊನ್ನೆ ಗುರುಗಳೇ. ಹಳೇಕುದುರೆ ಅಂತ ಹೆಸರಿಟ್ಟುಕೊಂಡ ಒಬ್ಬರ ಕೈಲಿ. ಒಂದು ವರ್ಷದಿಂದ ನನ್ನ ಹತ್ತಿರ ಸೋಲುತ್ತಲೇ ಇದ್ದವರು ಇದ್ದಕ್ಕಿದ್ದಂತೆ ಹೇಗೆ ಗೆದ್ದರು? ಕಂಪ್ಯೂಟರ್ ಕೇಳಿಕೊಂಡು ಆಡಿದ್ದಾರೆ, ಇದು ಕಳ್ಳಾಟ ಅಂತ ಬಳಗದಲ್ಲಿ ಬರೆದೆ."

"ಆಮೇಲೆ?"

"ಎಲ್ಲರೂ ಅವರ ಮೇಲೆ ಮುಗಿಬಿದ್ದರು. ಬಾಯಿಗೆ ಬಂದಂತೆ ಅಂದರು. ಅವರು ಎರಡು ಸಾಲು ಬರೆದು ಬಳಗ ಬಿಟ್ಟು ಹೋದರು."

"ಏನು ಬರೆದರು?"

ವಸುಮತಿ ಮೊಬೈಲ್ ತೆಗೆದು ಓದಿದಳು. "ನಾನು ಯಾರನ್ನೂ ಕೇಳಲಿಲ್ಲ ತಾಯಿ. ಇಷ್ಟು ಚೆನ್ನಾಗಿ ಆಡಿದ್ದು ಜೀವನದಲ್ಲಿ ಇದೇ ಮೊದಲು."

ಗುರುಗಳು ಅವಳತ್ತ ತಿರುಗಿ ಕೇಳಿದರು.

"ನೀನು ಎದುರಿನ ಚಾಪೆಗೆ ಹೋದೆಯಾ?"

"ಮೊಬೈಲಿನಲ್ಲಿ ಎದುರಿನ ಚಾಪೆ ಎಲ್ಲಿರುತ್ತೆ ಗುರುಗಳೇ?"

ಕೇಳಿದಿರಾ ಮಾತು! ಗುರುಗಳು ಬೈಯಲಿಲ್ಲ. ಹಲಗೆ ಎಳೆದು ಕಾಯಿ ಜೋಡಿಸಿದರು.

"ಇಲ್ಲಿದೆಯಲ್ಲ, ಕೂತ್ಕೋ. ನಿನ್ನ ಆಟ ನಾನು ಆಡ್ತೀನಿ. ಅವರದು ನೀನು ಆಡು."

ಮೊಬೈಲ್ ನೋಡಿಕೊಂಡು ಒಂದೊಂದೇ ನಡೆ ಆಡುತ್ತ ಹೋದರು. ಇಪ್ಪತ್ತೆರಡನೆಯ ನಡೆಗೆ ವಸುಮತಿಯ ಕೈ ನಿಂತಿತು.

"ಅರೆ, ಇಲ್ಲೇ ಮುಗಿಸಬಹುದಿತ್ತಲ್ಲ! ಮಂತ್ರಿ ಈ ಮನೆಗೆ ಬಂದರೆ ಎರಡೇ ನಡೆಗೆ ಚೆಕ್‌ಮೇಟ್. ಅವರಿಗೆ ಕಂಡೇ ಇಲ್ಲ. ಕುದುರೆ ಹಿಡಕೊಂಡು ಊರೆಲ್ಲ ಸುತ್ತಿ, ಇನ್ನೂ ಹದಿನೈದು ನಡೆ ತಗೊಂಡಿದ್ದಾರೆ."

"ಕಂಪ್ಯೂಟರಿಗೆ ಕಾಣದೆ ಇರುತ್ತಾ?"

ವಸುಮತಿ ಇಲ್ಲವೆಂದು ತಲೆ ಅಲ್ಲಾಡಿಸಿದಳು. ವರ್ಷವೆಲ್ಲ ಸೋತು ಸೋತು, ಒಂದು ದಿನ ಹೇಗೋ ತಡವರಿಸಿಕೊಂಡು ಗೆದ್ದಿದ್ದರು ಪಾಪ. ಶಭಾಷ್ ಅನ್ನಬೇಕಾದವಳು ಕಳ್ಳ ಅಂದುಬಿಟ್ಟಿದ್ದಳು. ಕೈಯಲ್ಲಿದ್ದ ಕುದುರೆಯನ್ನು ಕೆಳಗಿಡದೆ ಗಳಗಳ ಅತ್ತಳು.

ಗುರುಗಳು ಅವಳನ್ನು ಅಳಲು ಬಿಟ್ಟರು. ಆಮೇಲೆ ಹೆಗಲ ಮೇಲಿನ ಪಂಚೆ ಕೊಟ್ಟರು.

"ಅವರೊಬ್ಬರಿಗೇ ಬರೆದು ಕ್ಷಮೆ ಕೇಳಲೇ ಗುರುಗಳೇ?"

"ಕಳ್ಳ ಅಂದದ್ದು ಎಲ್ಲಿ?"

"ನಾನೂರು ಜನರ ಮುಂದೆ." ಅವಳ ದನಿ ಇಳಿಯಿತು. "ಅಲ್ಲಿ ಬರೆದರೆ ನನ್ನ ಮರ್ಯಾದೆ ಹೋಗುತ್ತೆ."

ಗುರುಗಳು ತಾವು ಆಡುತ್ತಿದ್ದ ಅವಳ ಕಡೆಯ ರಾಜನನ್ನು ಹಲಗೆಯ ಮೇಲೆ ಮೆಲ್ಲಗೆ ಮಲಗಿಸಿದರು.

"ನನ್ನ ಹತ್ತಿರ ಸೋತಾಗೆಲ್ಲ ನೀನೇ ಮಲಗಿಸ್ತೀಯಲ್ಲಮ್ಮ. ಒಂದು ದಿನವಾದರೂ ಕೈ ಮುರಿದಿದೆಯಾ?"

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಅಲ್ಲೇ ಕೂತು ಬಳಗಕ್ಕೆ ಬರೆದಳು. ಅವರು ನ್ಯಾಯವಾಗಿ ಗೆದ್ದರು, ನಾನು ಸುಳ್ಳು ಹೇಳಿದೆ, ಇಪ್ಪತ್ತೆರಡನೆಯ ನಡೆ ನೀವೇ ನೋಡಿ, ಎಂದು. ಹಳೇಕುದುರೆಗೂ ಬೇರೆಯಾಗಿ ಬರೆದಳು. ತಪ್ಪಾಯಿತು, ತುಂಬಾ ಚೆನ್ನಾಗಿ ಆಡಿದಿರಿ, ಎಂದು. ಬಳಗದಲ್ಲಿ ಕೆಲವರು ಬೈದರು, ಕೆಲವರು ಸುಮ್ಮನಾದರು. ಹಳೇಕುದುರೆಯಿಂದ ಮಾತ್ರ ಏನೂ ಬರಲಿಲ್ಲ.

ನಾಲ್ಕು ದಿನ ಕಳೆಯಿತು. ವಸುಮತಿ ಊಟದ ಎಲೆಯ ಮುಂದೆಯೂ ಮೊಬೈಲ್ ನೋಡುವಳು.

"ಓದಿದ್ದಾರೆ ಗುರುಗಳೇ, ಓದಿದ ಗುರುತು ಬಂದಿದೆ. ಉತ್ತರ ಇಲ್ಲ. ಇನ್ನೊಂದು ಸಲ ಬರೆದು ಕೇಳಲೇ?"

ಗುರುಗಳು ಎದುರಿನ ಚಾಪೆಯ ಧೂಳು ಕೊಡವಿ, ನೀಟಾಗಿ ಹಾಸಿದರು. ಅವಳನ್ನು ಈಚೆ ಬದಿಗೆ ಕೂರಿಸಿದರು.

"ನಿನ್ನ ನಡೆ ನೀನು ಆಡಿದ್ದಾಯ್ತಲ್ಲ ಮಗೂ, ಈಗ ಸರದಿ ಅವರದು. ನಮ್ಮಲ್ಲಿ ಗಡಿಯಾರ ಇಲ್ಲ, ಕೂತಿರು."